ಒಂದೂ ಮ್ಯಾಚ್ ಸೋಲದ ಟೀಮು ಹೊರಗೆ, ಸೋತ ಟೀಮು ಒಳಗೆ: ಕಾಲೇಜ್ ರ್‍ಯಾಂಕಿಂಗ್‌ನಲ್ಲಿ ನ್ಯಾಯ ಅನ್ನೋದು ಇದ್ಯಾ?

ಮೂಲೆ_ಬೆಂಚು

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷಯ, ಇಲ್ಲಿ ಲೆಕ್ಕ ಗೊತ್ತಿರೋರೂ ಇದಾರೆ ಆಟ ನೋಡೋರೂ ಇದಾರೆ ಅಂತ ಕೇಳ್ತಿದೀನಿ. ನಾನು ಎಂಎಸ್ ಮಾಡೋಕೆ ಅಮೆರಿಕಕ್ಕೆ ಬಂದಾಗ ಇಲ್ಲಿನ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು ಅಷ್ಟೇ ಅನ್ಕೊಂಡಿದ್ದೆ, ರೂಮ್‌ಮೇಟ್ ದೆಸೆಯಿಂದ ಈಗ ಶನಿವಾರ ಬಂತು ಅಂದ್ರೆ ಅಸೈನ್‌ಮೆಂಟ್ ಪಕ್ಕಕ್ಕಿಟ್ಟು ಬೆಳಗ್ಗೆಯಿಂದ ಮಧ್ಯರಾತ್ರಿವರೆಗೂ ಅದೇ. ಆಟ ಅರ್ಥ ಆಯ್ತು, ಆದ್ರೆ ಯಾರು ಮೇಲೆ ಯಾರು ಕೆಳಗೆ ಅಂತ ತೀರ್ಮಾನ ಮಾಡೋ ರೀತಿ ಇವತ್ತಿಗೂ ಅರ್ಥ ಆಗಿಲ್ಲ.

2023ರದ್ದೇ ತಗೊಳ್ಳಿ. ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತ್ತು, ಅವರ ಕಾನ್ಫರೆನ್ಸ್ (ತಮ್ಮ ತಮ್ಮಲ್ಲೇ ಲೀಗ್ ಆಡೋ ಕಾಲೇಜುಗಳ ಗುಂಪು) ಫೈನಲ್ಲೂ ಗೆದ್ದಿತ್ತು. ನವೆಂಬರಲ್ಲಿ ಅವರ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಆಟ ನಡೆಸೋ ಮುಖ್ಯ ಆಟಗಾರ, ಜೋರ್ಡನ್ ಟ್ರಾವಿಸ್ ಕಾಲು ಮುರ್ಕೊಂಡ್ರು, ಆಮೇಲೂ ಟೀಮ್ ಗೆಲ್ತಾನೇ ಇತ್ತು. ಆದ್ರೂ 13 ಜನರ ಕಮಿಟಿ ಕೂತು ಇವರನ್ನ 5ನೇ ಸ್ಥಾನಕ್ಕೆ ಹಾಕ್ತು, ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋ ಪ್ಲೇಆಫ್‌ಗೆ ಆಗ ಹೋಗ್ತಿದ್ದಿದ್ದು 4 ಟೀಮ್ ಮಾತ್ರ, ಒಂದು ಮ್ಯಾಚ್ ಸೋತಿದ್ದ ಅಲಬಾಮಾ ಒಳಗೆ, ಇವರು ಹೊರಗೆ. ನಾನು ಫ್ಲೋರಿಡಾ ಸ್ಟೇಟ್ ಫ್ಯಾನ್ ಏನಲ್ಲ, ಆದ್ರೂ ಅವತ್ತು ಹೊಟ್ಟೆ ಉರೀತು.

ನನ್ನ ಪ್ರಶ್ನೆ ಏನಂದ್ರೆ ಈ ಕಮಿಟಿ ಗಿಮಿಟಿ ಯಾಕೆ ಬೇಕು? ಎಲ್ಲಾ ಸ್ಕೋರೂ ಇದೆ, ಯಾರು ಯಾರ ಜೊತೆ ಎಲ್ಲಿ ಆಡಿದ್ರು ಅನ್ನೋದೂ ಇದೆ, ಒಂದು ಒಳ್ಳೆ ಫಾರ್ಮುಲಾ ಹಾಕಿ ಕಂಪ್ಯೂಟರಿಗೆ ಕೊಟ್ರೆ ಮುಗೀತಲ್ವಾ, ಅದಕ್ಕೆ ಅಲಬಾಮಾ ಮೇಲೆ ಪ್ರೀತಿಯೂ ಇಲ್ಲ ಯಾರ ಮೇಲೂ ದ್ವೇಷವೂ ಇಲ್ಲ. ರೂಮ್‌ಮೇಟ್ ಇದನ್ನ ಕೇಳಿ ನಕ್ಕುಬಿಟ್ಟ, ಅದನ್ನೂ ಮಾಡಿ ನೋಡಿದಾರೆ, ಅವಾಗ ಇನ್ನೂ ಜಾಸ್ತಿ ಬೈತಿದ್ರು ಅಂದ. ನಿಜಾನಾ? ಎಲ್ಲರೂ ಒಪ್ಪೋ ಫಾರ್ಮುಲಾ ಅಂತ ಇದ್ಯಾ ಇಲ್ವಾ?

ಹಳೆ_ಪೆವಿಲಿಯನ್

ನಿಮ್ಮ ರೂಮ್‌ಮೇಟ್ ಹೇಳಿದ್ದು ನಿಜ ಮಾರಾಯ್ರೆ. 1998ರಿಂದ 2013ರ ಸೀಸನ್‌ವರೆಗೆ ಬಿಸಿಎಸ್ (ಬೌಲ್ ಚಾಂಪಿಯನ್‌ಶಿಪ್ ಸೀರೀಸ್) ಅಂತ ಒಂದು ವ್ಯವಸ್ಥೆ ಇತ್ತು, ಪತ್ರಕರ್ತರ ಓಟು, ಕೋಚ್‌ಗಳ ಓಟು, ಕಂಪ್ಯೂಟರ್ ರೇಟಿಂಗ್, ಎಲ್ಲಾ ಕಲಸಿ ಮೊದಲ ಎರಡು ಟೀಮನ್ನ ಫೈನಲ್‌ಗೆ ಕಳಿಸೋದು. ನಾನು ಆಗಿಂದ ನೋಡ್ತಾ ಬಂದಿದೀನಿ, ಪ್ರತಿ ಡಿಸೆಂಬರಲ್ಲೂ ಒಂದು ಜಗಳ ಗ್ಯಾರಂಟಿ.

2001ರಲ್ಲಿ ನೆಬ್ರಾಸ್ಕಾ ಲೀಗಿನ ಕೊನೇ ಮ್ಯಾಚಲ್ಲಿ ಕೊಲೊರಾಡೊ ಕೈಲಿ 62-36 ಹೊಡೆತ ತಿಂತು, ತನ್ನ ಕಾನ್ಫರೆನ್ಸ್‌ನ ಫೈನಲ್‌ಗೂ ಹೋಗ್ಲಿಲ್ಲ, ಆದ್ರೆ ಲೆಕ್ಕದಲ್ಲಿ 2ನೇ ಸ್ಥಾನ! ಓಟು ಹಾಕೋರು 2ನೇ ಸ್ಥಾನ ಕೊಟ್ಟಿದ್ದು ಒರೆಗಾನ್‌ಗೆ. ನೆಬ್ರಾಸ್ಕಾ ಹೋಗಿ ಮಯಾಮಿ ಹತ್ರ 37-14ರಲ್ಲಿ ಸೋತು ಬಂತು. 2003 ಅಂತೂ ಕೇಳ್ಲೇಬೇಡಿ. ಎರಡೂ ಓಟಿನಲ್ಲಿ ಯುಎಸ್‌ಸಿ 1ನೇ ಸ್ಥಾನ, ಒಕ್ಲಹೋಮಾ ಕಾನ್ಫರೆನ್ಸ್ ಫೈನಲ್ಲಲ್ಲಿ ಕ್ಯಾನ್ಸಸ್ ಸ್ಟೇಟ್ ಹತ್ರ 35-7 ಸೋತಿದೆ, ಆದ್ರೂ ಒಟ್ಟು ಲೆಕ್ಕದಲ್ಲಿ ಒಕ್ಲಹೋಮಾ 1, ಎಲ್‌ಎಸ್‌ಯು 2, ಯುಎಸ್‌ಸಿ 3. ಎಲ್‌ಎಸ್‌ಯು 21-14 ಗೆದ್ದು ಕಪ್ ತಗೊಂಡ್ತು, ಪತ್ರಕರ್ತರು ಎಪಿ ಸುದ್ದಿಸಂಸ್ಥೆ ನಡೆಸೋ ಓಟಲ್ಲಿ ಯುಎಸ್‌ಸಿಯೇ ಚಾಂಪಿಯನ್ ಅಂದ್ರು. ಒಂದು ವರ್ಷಕ್ಕೆ ಇಬ್ಬರು ಚಾಂಪಿಯನ್. ಅದಾದ್ಮೇಲೆ 2004ಕ್ಕೆ ಫಾರ್ಮುಲಾನೇ ಬದಲಾಯ್ಸಿ ಮನುಷ್ಯರ ಓಟಿಗೆ ಮೂರರಲ್ಲಿ ಎರಡು ಪಾಲು, ಕಂಪ್ಯೂಟರಿಗೆ ಒಂದು ಪಾಲು ಅಂತ ಮಾಡಿದ್ರು. ಅಂದ್ರೆ ಮನುಷ್ಯರಿಗೆ ಇಷ್ಟ ಆಗದ ಉತ್ತರ ಕೊಟ್ಟಿದ್ದಕ್ಕೆ ಕಂಪ್ಯೂಟರಿಗೆ ಶಿಕ್ಷೆ.

ಮನುಷ್ಯರು ಏನು ಕಮ್ಮಿ ಇಲ್ಲ. ಅದೇ 2004ರಲ್ಲಿ ಸೀಸನ್ ಶುರುವಾಗೋ ಮುಂಚಿನ ಎಪಿ ಪಟ್ಟೀಲಿ ಯುಎಸ್‌ಸಿ 1, ಒಕ್ಲಹೋಮಾ 2, ಆಬರ್ನ್ 17. ಮೂರೂ ಟೀಮು ಲೀಗ್ ಪೂರ್ತಿ ಸೋಲ್ಲಿಲ್ಲ. ಫೈನಲ್‌ಗೆ ಹೋಗಿದ್ದು ಯಾರು ಹೇಳಿ? ಆಗಸ್ಟಲ್ಲಿ ಒಂದು ಬಾಲೂ ಎಸೆಯೋಕೆ ಮುಂಚೆ ಎಲ್ಲಿ ಕೂರ್ಸಿದ್ರೋ ಅಲ್ಲೇ ಕೂತೋರು. ಆಬರ್ನ್ ಬೌಲ್ ಮ್ಯಾಚನ್ನೂ (ಲೀಗ್ ಮುಗಿದ್ಮೇಲೆ ಆಡೋ ವಿಶೇಷ ಮ್ಯಾಚು) ಗೆದ್ದು 13-0 ಮಾಡಿ ಮನೆಗೆ. ಫೈನಲ್ಲಲ್ಲಿ ಒಕ್ಲಹೋಮಾ ಸೋತಿದ್ದು 55-19! ಇದನ್ನ ನೋಡಿದ್ಮೇಲೆ ನನಗೆ ಓಟಿನ ಮೇಲೂ ನಂಬಿಕೆ ಹೋಯ್ತು, ಫಾರ್ಮುಲಾ ಮೇಲೂ ಹೋಯ್ತು, ಸುಮ್ನೆ ಆಟ ನೋಡ್ತೀನಿ.

ದಶಮಾಂಶ

ಮೇಲಿನವರು ಇತಿಹಾಸ ಹೇಳಿದಾರೆ, ನಾನು ಸ್ವಲ್ಪ ಲೆಕ್ಕ ಹೇಳ್ತೀನಿ, ಬೋರಾದ್ರೆ ಸ್ಕ್ರಾಲ್ ಮಾಡ್ಕೊಂಡು ಹೋಗಿ.

"ಕಂಪ್ಯೂಟರಿಗೆ ಪ್ರೀತಿ ದ್ವೇಷ ಇಲ್ಲ" ಅನ್ನೋದು ಸರಿ, ಆದ್ರೆ ಫಾರ್ಮುಲಾ ಬರೆದವನ ಅಭಿಪ್ರಾಯ ಫಾರ್ಮುಲಾ ಒಳಗೇ ಇರುತ್ತೆ. ಉದಾಹರಣೆಗೆ ಆರ್‌ಪಿಐ (ರೇಟಿಂಗ್ ಪರ್ಸೆಂಟೇಜ್ ಇಂಡೆಕ್ಸ್) ಅನ್ನೋ ಲೆಕ್ಕ. 1981ರಿಂದ ಕಾಲೇಜ್ ಬ್ಯಾಸ್ಕೆಟ್‌ಬಾಲಲ್ಲಿ ಇತ್ತು, ಬೇರೆ ಆಟಗಳಿಗೂ ಹೋಯ್ತು. ತುಂಬಾ ಸುಲಭ: ನಿಮ್ಮ ಗೆಲುವಿನ ಪ್ರಮಾಣಕ್ಕೆ 25 ಪರ್ಸೆಂಟ್, ನಿಮ್ಮ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ 50 ಪರ್ಸೆಂಟ್, ಎದುರಾಳಿಗಳ ಎದುರಾಳಿಗಳದ್ದಕ್ಕೆ 25 ಪರ್ಸೆಂಟ್. ಗಮನಿಸಿ, ನೀವು ಆಡಿ ಗೆದ್ದಿದ್ದು ಬರೀ ಕಾಲು ಭಾಗ, ಮುಕ್ಕಾಲು ಭಾಗ ನೀವು ಯಾರ ಜೊತೆ ಆಡಿದ್ರಿ ಅನ್ನೋದು.

ಒಂದು ಟೀಮು 25ರಲ್ಲಿ 20 ಗೆದ್ದಿದೆ ಅನ್ಕೊಳ್ಳಿ, ಅಂದ್ರೆ 0.800. ಎದುರಾಳಿಗಳದ್ದು 0.500, ಅವರ ಎದುರಾಳಿಗಳದ್ದೂ 0.500. ಒಟ್ಟು 0.200 + 0.250 + 0.125 = 0.575. ಇನ್ನೊಂದು ಟೀಮು ದೊಡ್ಡ ಕಾನ್ಫರೆನ್ಸಿಂದು, 25ರಲ್ಲಿ 13 ಗೆದ್ದು 12 ಸೋತಿದೆ, 0.520. ಎದುರಾಳಿಗಳದ್ದು 0.620, ಅವರ ಎದುರಾಳಿಗಳದ್ದು 0.550. ಒಟ್ಟು 0.130 + 0.310 + 0.1375 = 0.5775. ಯಾರು ಮೇಲೆ? 12 ಮ್ಯಾಚ್ ಸೋತಿರೋನು.

ಇದಕ್ಕಿಂತ ಮಜಾ ಇನ್ನೊಂದಿದೆ. ಮೊದಲನೇ ಟೀಮು ಈಗ ಒಂದು ತೀರಾ ವೀಕ್ ಟೀಮಿನ ಜೊತೆ, ಹತ್ತರಲ್ಲಿ ಒಂದು ಗೆಲ್ಲೋ ಟೀಮು ಅನ್ಕೊಳ್ಳಿ, ಆಡಿ ಗೆಲ್ತು. 21-5 ಆಯ್ತು, 0.808, ಗೆಲುವಿನ ಭಾಗದಿಂದ ಸುಮಾರು 0.002 ಏರ್ತು. ಆದ್ರೆ ಎದುರಾಳಿಗಳ ಸರಾಸರಿ 0.500ರಿಂದ 0.485ಕ್ಕೆ ಇಳೀತು, ಅದಕ್ಕೆ ಅರ್ಧ ತೂಕ, ಅಲ್ಲಿ ಸುಮಾರು 0.008 ಹೋಯ್ತು. ಗೆದ್ದು ಕೆಳಗೆ ಬಿತ್ತು! ಆ ಮ್ಯಾಚ್ ಆಡದೇ ಮನೇಲಿ ಮಲಗಿದ್ರೆ ಚೆನ್ನಾಗಿರ್ತಿತ್ತು. ಗೆದ್ದೋರಿಗೆ ಗೆದ್ದಿದ್ದಕ್ಕೇ ಪೆಟ್ಟು ಬೀಳೋ ಲೆಕ್ಕಾನ ನಾನಂತೂ ನ್ಯಾಯ ಅನ್ನಲ್ಲ. ಕೋಚ್‌ಗಳು ಏನು ದಡ್ಡರಾ, 300ನೇ ಸ್ಥಾನದ ಟೀಮನ್ನ ಬಿಟ್ಟು 150ನೇ ಸ್ಥಾನದವರನ್ನ ಕರೆಯೋಕೆ ಶುರು ಮಾಡಿದ್ರು, ಇಬ್ಬರನ್ನೂ ಸೋಲ್ಸೋದು ಗ್ಯಾರಂಟಿನೇ, ಆದ್ರೆ ಎರಡನೆಯವರು ಲೆಕ್ಕಕ್ಕೆ ಒಳ್ಳೇದು. ಇವರು ಚಾಪೆ ಕೆಳಗೆ ನುಸುಳಿದ್ರೆ ಅವರು ರಂಗೋಲಿ ಕೆಳಗೆ.

ಹಂಗಂತ ಎಲ್ಲಾ ಫಾರ್ಮುಲಾನೂ ಹೀಗೇ ಅಂತಲ್ಲ. ಬಿಸಿಎಸ್‌ನ ಆರು ಕಂಪ್ಯೂಟರ್‌ಗಳಲ್ಲಿ ಕೋಲಿ ಮ್ಯಾಟ್ರಿಕ್ಸ್ ಅಂತ ಒಂದಿತ್ತು, ನನಗೆ ಅದು ಇಷ್ಟ. ಎಲ್ಲಾ ಟೀಮೂ ಅರ್ಧದಿಂದ ಶುರು, ಹೋದ ವರ್ಷದ ಹೆಸರು, ಆಗಸ್ಟ್ ಪಟ್ಟಿ ಯಾವುದೂ ಇಲ್ಲ. ಬೀಜ ಏನಂದ್ರೆ ಗೆಲುವಿಗೆ 1 ಕೂಡ್ಸಿ ಮ್ಯಾಚಿಗೆ 2 ಕೂಡ್ಸಿ ಭಾಗಿಸೋದು. ಒಂದೂ ಆಡದೋನಿಗೆ 1/2, ಒಂದು ಆಡಿ ಗೆದ್ದೋನಿಗೆ 2/3, ಹಾಗಾಗಿ ಒಂದು ಮ್ಯಾಚ್ ಗೆದ್ದೋನು 100 ಪರ್ಸೆಂಟ್ ಅಂತ ಮೆರೆಯಂಗಿಲ್ಲ. ಆಮೇಲೆ ಎದುರಾಳಿ ರೇಟಿಂಗ್ ಸೇರಿಸಿ ಎಲ್ಲಾ ಟೀಮಿಗೂ ಒಂದೊಂದು ಸಮೀಕರಣ, ಎಲ್ಲಾನೂ ಒಟ್ಟಿಗೆ ಬಿಡ್ಸೋದು. ಜಗತ್ತಲ್ಲಿ ಎರಡೇ ಟೀಮ್ ಇದ್ದು ಒಂದೇ ಮ್ಯಾಚ್ ಆಡಿದ್ರೆ ಗೆದ್ದೋನಿಗೆ 0.625, ಸೋತೋನಿಗೆ 0.375 ಬರುತ್ತೆ, ಪೇಪರ್ ಪೆನ್ ತಗೊಂಡು ಮಾಡಿ ನೋಡ್ಬಹುದು. ಎಷ್ಟು ಪಾಯಿಂಟಲ್ಲಿ ಗೆದ್ರು ಅನ್ನೋದು ಅದಕ್ಕೆ ಬೇಡ.

ವೆಸ್ ಕೋಲಿ ಇದನ್ನ ಪೂರ್ತಿ ಪ್ರಕಟ ಮಾಡಿದ್ರು, ಯಾರು ಬೇಕಾದ್ರೂ ಮನೇಲಿ ಕೂತು ಲೆಕ್ಕ ಹಾಕ್ಬಹುದಿತ್ತು. ಅದರ ಫಲ 2010ರಲ್ಲಿ ಕಾಣ್ತು, ಕೆಳಗಿನ ವಿಭಾಗದ ಒಂದೇ ಒಂದು ಪ್ಲೇಆಫ್ ಮ್ಯಾಚ್, ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ಮ್ಯಾಚು, ಅವರ ಡೇಟಾದಲ್ಲಿ ಬಿಟ್ಟುಹೋಗಿತ್ತು, ಅದನ್ನ ಸೇರಿಸಿದ್ರೆ 10ನೇ ಸ್ಥಾನದ ಎಲ್‌ಎಸ್‌ಯು, 11ನೇ ಸ್ಥಾನದ ಬಾಯ್ಸಿ ಸ್ಟೇಟ್ ಅದಲು ಬದಲು. ಹೊರಗಿನವರು ಹಿಡಿದ್ರು, ಸರಿ ಮಾಡಿದ್ರು. ಬಾಗಿಲು ಹಾಕ್ಕೊಂಡು ಲೆಕ್ಕ ಹಾಕೋ ಉಳಿದವರಲ್ಲಿ ಇಂಥ ತಪ್ಪು ಆಗಿದ್ರೆ ಹಿಡಿಯೋರು ಯಾರು?

ಸುಮ್ನೆ_ಓದೋನು

ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ಮಾತ್ರ ನೆಲ ನಿಜವಾಗ್ಲೂ ಡೊಂಕು ಅನ್ಸುತ್ತೆ ಗುರು 😂

ಗಟ್ಟಿ_ದನಿ

ನನ್ನ ಮಾತು ಸ್ವಲ್ಪ ಖಾರ ಅನಸಬಹುದು ರೀ, ಆದರ 2023ರಾಗ ಕಮಿಟಿ ದೊಡ್ಡ ತಪ್ಪೇನ ಮಾಡಿಲ್ಲ ಅಂತ ನನಗ ಅನಸ್ತೈತಿ.

ನೀವೆಲ್ಲಾರೂ ಒಂದ ಪ್ರಶ್ನೆ ಐತಿ ಅಂತ ತಿಳಕೊಂಡೀರಿ. ಇಲ್ಲೆ ಎರಡ ಪ್ರಶ್ನೆ ಅದಾವ. ಇಲ್ಲೀತನಕ ಆಡಿ ಯಾರ ಹೆಚ್ಚ ಗಳಿಸ್ಯಾರ ಅನ್ನೂದ ಒಂದ. ನಾಳೆ ಆಡಿದ್ರ ಯಾರ ಗೆಲ್ತಾರ ಅನ್ನೂದ ಇನ್ನೊಂದ. ಮೊದಲನೇದಕ್ಕ ಫ್ಲೋರಿಡಾ ಸ್ಟೇಟ್ ಒಳಗ ಬರಬೇಕು, ಅದರಾಗ ಎರಡ ಮಾತಿಲ್ಲ. ಎರಡನೇದಕ್ಕ ಟ್ರಾವಿಸ್ ಇಲ್ಲದ ಟೀಮು, ಕಾನ್ಫರೆನ್ಸ್ ಫೈನಲ್‌ದಾಗ ಮೂರನೇ ಕ್ವಾರ್ಟರ್‌ಬ್ಯಾಕ್ ಹಾಕ್ಕೊಂಡ 16-6 ಗೆದ್ದಿದ್ದು, ಅದ ದಿನಾ ಅಲಬಾಮಾ ಜಾರ್ಜಿಯಾನ 27-24 ಸೋಲಿಸಿತ್ತು, ಆ ಜಾರ್ಜಿಯಾ ಅಲ್ಲೀತನಕ 12-0 ಇತ್ತು. ಕಮಿಟಿ ನಿಯಮದಾಗ ಮುಖ್ಯ ಆಟಗಾರ ಇಲ್ಲದ್ದನ್ನ ನೋಡಬಹುದು ಅಂತ ಬರದೈತಿ, ಅವರೇನ ರಾತ್ರೋರಾತ್ರಿ ಹುಟ್ಟಿಸಿದ್ದಲ್ಲ. ಮುಂದ ಆರೆಂಜ್ ಬೌಲ್‌ದಾಗ ಏನಾತು? ಜಾರ್ಜಿಯಾ 63, ಫ್ಲೋರಿಡಾ ಸ್ಟೇಟ್ 3. ಹೇಳ್ರಿ ಈಗ.

ಫಾರ್ಮುಲಾಕ್ಕ ಕಾಲ ಮುರದಿದ್ದ ಗೊತ್ತಾಗೂದಿಲ್ಲ ರೀ. ಸೆಪ್ಟೆಂಬರ್ ಟೀಮು, ಡಿಸೆಂಬರ್ ಟೀಮು ಅದಕ್ಕ ಒಂದ.

ಮೂಲೆ_ಬೆಂಚು

@ಗಟ್ಟಿ_ದನಿ ಎರಡು ಪ್ರಶ್ನೆ ಅನ್ನೋದು ಒಪ್ಪಿದೆ ಸರ್, ಅದು ನನಗೆ ಹೊಳೆದಿರ್ಲಿಲ್ಲ. ಆದ್ರೆ 63-3 ತೋರ್ಸಿ ವಾದ ಮಾಡೋದು ಮೋಸ. ಹೊರಗೆ ಹಾಕಿದ್ಮೇಲೆ ಅವರ ಎಷ್ಟೊಂದು ಜನ ಒಳ್ಳೊಳ್ಳೆ ಆಟಗಾರರು ಆ ಮ್ಯಾಚ್ ಆಡಲೇ ಇಲ್ಲ, ಪ್ಲೇಆಫ್ ಸಿಕ್ಕಿದ್ರೆ ಆಡ್ತಿದ್ರು. ಸೀಟ್ ಕೊಡದೆ ಇದ್ದಿದ್ದಕ್ಕೆ ಟೀಮ್ ಒಡೀತು, ಟೀಮ್ ಒಡೆದಿದ್ದಕ್ಕೆ ಸೀಟ್ ಕೊಡದೇ ಇದ್ದಿದ್ದು ಸರಿ ಅಂದ್ರೆ ಹೆಂಗೆ?

ಇನ್ನೊಂದು, "ನಾಳೆ ಯಾರು ಗೆಲ್ತಾರೆ" ಅನ್ನೋದೇ ಮುಖ್ಯ ಆದ್ರೆ ಮ್ಯಾಚ್ ಯಾಕೆ ಆಡ್ಬೇಕು? ಟೆಕ್ಸಸ್ ಸೆಪ್ಟೆಂಬರಲ್ಲಿ ಅಲಬಾಮಾನ ಅವರ ಮೈದಾನದಲ್ಲೇ 34-24 ಸೋಲ್ಸಿತ್ತು, ಅವತ್ತು ಬೆಳಗ್ಗೆ ಕೇಳಿದ್ರೆ ಎಷ್ಟು ಜನ ಟೆಕ್ಸಸ್ ಗೆಲ್ಲುತ್ತೆ ಅಂತಿದ್ರು? ಫ್ಲೋರಿಡಾ ಸ್ಟೇಟ್‌ಗೆ ಸೋಲೋ ಅವಕಾಶಾನೂ ಕೊಡ್ಲಿಲ್ಲ ಅಷ್ಟೇ.

ಗಟ್ಟಿ_ದನಿ

ಅದೂ ಖರೆ. 63-3 ಮಾತ ವಾಪಸ್ ತಗೊಂಡೆ. ಉಳದದ್ದ ತಗೊಳ್ಳೂದಿಲ್ಲ.

ರಿಂಕ್_ಪಕ್ಕ

ಎಲ್ರೂ ಫುಟ್‌ಬಾಲ್ ಫುಟ್‌ಬಾಲ್ ಅಂತಿದೀರ, ಸ್ವಲ್ಪ ಕಾಲೇಜ್ ಐಸ್ ಹಾಕಿ ಕಡೆನೂ ನೋಡ್ರಪ್ಪ. ನಾನು ಇರೋ ಕಡೆ ಚಳಿಗಾಲದಲ್ಲಿ ಬೇರೆ ಏನೂ ಮಾಡೋಕಾಗಲ್ಲ, ಹಂಗೆ ಅಂಟಿಕೊಂಡ ಹುಚ್ಚು. ಹಾಕಿಲಿ ವರ್ಷಗಟ್ಟಲೆ ಪೇರ್‌ವೈಸ್ ಅನ್ನೋ ಲೆಕ್ಕ ಇತ್ತು, ಎರಡೆರಡೇ ಟೀಮ್ ತಗೊಂಡು ಹೋಲಿಸೋದು, ಯಾರು ಜಾಸ್ತಿ ಹೋಲಿಕೆ ಗೆದ್ರೋ ಅವರು ಮೇಲೆ. ಮುಖ್ಯ ವಿಷಯ ಏನಂದ್ರೆ ಕಮಿಟಿ ಅದನ್ನ ಹಾಗೇ ಪಾಲಿಸ್ತಿತ್ತು. ಟೂರ್ನಿಗೆ ಹೋಗೋ 16 ಟೀಮ್ ಯಾವುದು ಅಂತ ಘೋಷಣೆ ಆಗೋ ಮುಂಚೆನೇ ನಮಗೆ ಗೊತ್ತಿರ್ತಿತ್ತು, ಕೊನೇ ವಾರಾಂತ್ಯದಲ್ಲಿ ಯಾವ ಮ್ಯಾಚ್ ಯಾರು ಗೆದ್ರೆ ಯಾರು ಹೊರಗೆ ಅಂತ ಕೂತು ಲೆಕ್ಕ ಹಾಕೋದೇ ಒಂದು ಮಜಾ. ಲೆಕ್ಕದೊಳಗೆ ಆರ್‌ಪಿಐ ಇತ್ತು, ಅದರ ದೋಷ ಎಲ್ಲಾ ಇತ್ತು, ನಾವೂ ಬೈತಿದ್ವಿ. ಆದ್ರೆ "ಯಾರೋ ಕೋಣೆ ಒಳಗೆ ಕೂತು ನಮಗೆ ಮೋಸ ಮಾಡಿದ್ರು" ಅಂತ ಯಾರೂ ಬೈತಿರ್ಲಿಲ್ಲ. ನಿಯಮ ಅಕ್ಟೋಬರಲ್ಲೇ ಗೊತ್ತಿತ್ತು, ಎಲ್ಲರಿಗೂ ಒಂದೇ. ನನ್ನ ಮಟ್ಟಿಗೆ ಅರ್ಧ ನ್ಯಾಯ ಅಲ್ಲೇ ಸಿಕ್ತು.

ಹಾಕಿ ಅಭಿಮಾನಿಗಳು ಇದಕ್ಕಿಂತ ಒಳ್ಳೇದು ಅಂತ ಕ್ರ್ಯಾಚ್ ಅನ್ನೋದನ್ನ ಹೇಳ್ತಾರೆ. ಅದು ಬ್ರಾಡ್ಲಿ-ಟೆರಿ ವಿಧಾನ, 1952ರದ್ದು, ಅದಕ್ಕೂ ಮುಂಚೆ 1929ರಲ್ಲೇ ಜೆರ್ಮೆಲೊ ಚೆಸ್ ಟೂರ್ನಿಗೆ ಅಂತ ಇದೇ ಯೋಚನೆ ಬರೆದಿದ್ದ. ರೇಟಿಂಗ್‌ಗೆ ನೇರ ಅರ್ಥ ಇದೆ: ನಂದು 200, ನಿಂದು 100 ಅಂದ್ರೆ ನಾವಿಬ್ಬರು ಮೂರು ಸಲ ಆಡಿದ್ರೆ ಸರಾಸರಿ ಎರಡು ಸಲ ನಾನು ಗೆಲ್ತೀನಿ. ವೀಕ್ ಟೀಮನ್ನ ಸೋಲ್ಸಿದ್ರೆ ಕೆಳಗೆ ಬೀಳೋ ಕಥೆ ಇಲ್ಲ, ಸ್ವಲ್ಪ ಏರುತ್ತೆ ಅಷ್ಟೇ. ದಶಮಾಂಶ ಅವರು ಒಪ್ತಾರೆ ಅನ್ಕೋತೀನಿ.

ದಶಮಾಂಶ

ಒಪ್ತೀನಿ, ಆದ್ರೆ ಅದರಲ್ಲೂ ಒಂದು ಮುಳ್ಳಿದೆ ಮೇಡಂ. ಒಂದೂ ಸೋಲದ ಟೀಮಿಗೆ ಬ್ರಾಡ್ಲಿ-ಟೆರಿ ಎಷ್ಟು ರೇಟಿಂಗ್ ಕೊಡುತ್ತೆ? ಅನಂತ. ಸೋತೇ ಇಲ್ಲ ಅಂದ್ರೆ ಎಷ್ಟು ದೊಡ್ಡ ಸಂಖ್ಯೆ ಇಟ್ರೂ ಇನ್ನೂ ದೊಡ್ಡದು ಇನ್ನೂ ಚೆನ್ನಾಗಿ ಹೊಂದುತ್ತೆ. ಹಾಕಿಲಿ 30ಕ್ಕೂ ಜಾಸ್ತಿ ಮ್ಯಾಚ್ ಆಡ್ತಾರೆ, ಒಂದಾದ್ರೂ ಸೋಲ್ತಾರೆ, ನಡೆಯುತ್ತೆ. ಫುಟ್‌ಬಾಲಲ್ಲಿ ಲೀಗಲ್ಲಿ 12 ಮ್ಯಾಚು, 130ಕ್ಕೂ ಜಾಸ್ತಿ ಟೀಮು, ಸೋಲದವರು ಬೇಕಾದಷ್ಟು ವರ್ಷ ಬಂದಿದಾರೆ. ಇಬ್ಬರು ಅನಂತದಲ್ಲಿ ಯಾರು ಮೇಲೆ? ಅದಕ್ಕೆ ಎಲ್ಲಾ ಟೀಮಿಗೂ ಒಂದು ಕಾಲ್ಪನಿಕ ಎದುರಾಳಿ ಜೊತೆ ಒಂದು ಡ್ರಾ ಆಯ್ತು ಅಂತ ಸೇರಿಸ್ತಾರೆ. ಆ ಕಾಲ್ಪನಿಕ ಮ್ಯಾಚಿಗೆ ಎಷ್ಟು ತೂಕ ಕೊಡ್ಬೇಕು ಅನ್ನೋದು? ಅದು ಬರೆಯೋನ ಇಷ್ಟ. ಮತ್ತೆ ಅಭಿಪ್ರಾಯ ಹಿಂಬಾಗಿಲಿಂದ ಬಂತು.

2017ರ ಯುಸಿಎಫ್ ನೆನಪಿದ್ಯಾ ಯಾರಿಗಾದ್ರೂ? ಸಣ್ಣ ಕಾನ್ಫರೆನ್ಸು, ಒಂದೂ ಸೋಲಲಿಲ್ಲ, ಕಮಿಟಿ ಕೊಟ್ಟಿದ್ದು 12ನೇ ಸ್ಥಾನ. ಪೀಚ್ ಬೌಲ್‌ನಲ್ಲಿ ಆಬರ್ನ್‌ನ 34-27 ಸೋಲ್ಸಿದ್ರು, ಆ ಆಬರ್ನ್ ಅದೇ ವರ್ಷ ಅಲಬಾಮಾ, ಜಾರ್ಜಿಯಾ ಎರಡನ್ನೂ ಸೋಲ್ಸಿತ್ತು, ಚಾಂಪಿಯನ್‌ಶಿಪ್ ಫೈನಲ್ ಆಡಿದ್ದು ಅವೇ ಎರಡು! ಕೊನೇಲಿ ಕೋಲಿ ಮ್ಯಾಟ್ರಿಕ್ಸ್ ಯುಸಿಎಫ್‌ಗೆ 1ನೇ ಸ್ಥಾನ ಕೊಡ್ತು, ಅವರು ನಾವೇ ನ್ಯಾಷನಲ್ ಚಾಂಪಿಯನ್ ಅಂತ ಮೆರವಣಿಗೆ ಮಾಡ್ಕೊಂಡ್ರು. ಅರ್ಧ ಅಮೆರಿಕ ನಕ್ತು, ನಾನು ನಗಲಿಲ್ಲ.

ಸ್ಕೋರ್‌ಬುಕ್

ತಡವಾಗಿ ಬಂದೆ. ಯಾರೂ ಹೇಳದ ಒಂದು ವಿಷಯ ಹೇಳ್ತೀನಿ, ಫಾರ್ಮುಲಾ ಬಗ್ಗೆ ಎಷ್ಟು ಜಗಳ ಆಡಿದ್ರೂ ಮೂಲ ಅನ್ಯಾಯ ಇರೋದು ಶೆಡ್ಯೂಲಲ್ಲಿ. ನಾನು ಓದುವಾಗ ಒಂದು ಸಣ್ಣ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸ್ಟ್ಯಾಟ್ಸ್ ಬರೆಯೋ ಪಾರ್ಟ್‌ಟೈಮ್ ಕೆಲಸ ಮಾಡ್ತಿದ್ದೆ. ನವೆಂಬರ್ ಪೂರ್ತಿ ಬಸ್ಸಲ್ಲೇ ಜೀವನ. ದೊಡ್ಡ ಕಾಲೇಜಿನವರು ದುಡ್ಡು ಕೊಟ್ಟು ಅವರ ಜಾಗಕ್ಕೆ ಕರೆಸ್ಕೋತಾರೆ, ನಮ್ಮ ಜಿಮ್‌ಗೆ ಬನ್ನಿ ಅಂದ್ರೆ ಫೋನೇ ಎತ್ತಲ್ಲ, ಯಾಕಂದ್ರೆ ಬಂದು ಸೋತ್ರೆ ಅವರ ರೇಟಿಂಗ್ ಹಾಳು, ಗೆದ್ರೆ ಏನೂ ಸಿಗಲ್ಲ. ನಮ್ಮ ಕೋಚ್ ಆಟ ಹೇಳಿಕೊಡೋದಕ್ಕಿಂತ ಫೋನಲ್ಲೇ ಜಾಸ್ತಿ ಇರ್ತಿದ್ರು, ಯಾರಾದ್ರೂ ನೂರರೊಳಗಿನ ಟೀಮು ನಮ್ಮಲ್ಲಿಗೆ ಬರ್ತಾರಾ ಅಂತ. ನಾಲ್ಕು ವರ್ಷದಲ್ಲಿ ಬಂದಿದ್ದು ಒಬ್ರು. ಗೆದ್ವಿ. ಮುಂದಿನ ವರ್ಷದಿಂದ ಅವರೂ ಬರ್ಲಿಲ್ಲ.

ಇದು ಗೊತ್ತಿದ್ದೇ ಆರ್‌ಪಿಐನಲ್ಲಿ 2004-05ರಿಂದ ಹೊರಗಡೆ ಗೆಲುವಿಗೆ 1.4, ಮನೆ ಗೆಲುವಿಗೆ (ತಮ್ಮದೇ ಜಾಗದಲ್ಲಿ ಗೆದ್ದಿದ್ದಕ್ಕೆ) 0.6 ಅಂತ ತೂಕ ತಂದ್ರು, ಸೋಲಿಗೆ ಉಲ್ಟಾ. ಸ್ವಲ್ಪ ಉಪಯೋಗ ಆಯ್ತು, ಇಲ್ಲ ಅನ್ನಲ್ಲ. ಆದ್ರೂ 2006ರಲ್ಲಿ ಮಿಸೌರಿ ಸ್ಟೇಟ್ ಆರ್‌ಪಿಐನಲ್ಲಿ 21ನೇ ಸ್ಥಾನದಲ್ಲಿದ್ದೂ ಟೂರ್ನಿಗೆ ಕರೆ ಬರ್ಲಿಲ್ಲ. ಸಣ್ಣವರಿಗೆ ಲೆಕ್ಕ ಸಹಾಯ ಮಾಡಿದಾಗ ಕಮಿಟಿ "ಬರೀ ಲೆಕ್ಕ ನೋಡಲ್ಲ" ಅನ್ನುತ್ತೆ.

2018-19ರಿಂದ ಗಂಡಸರ ಬ್ಯಾಸ್ಕೆಟ್‌ಬಾಲಲ್ಲಿ ಆರ್‌ಪಿಐ ಹೋಗಿ ನೆಟ್ ಅನ್ನೋ ಹೊಸ ರೇಟಿಂಗ್ ಬಂತು. ಮೊದಲು ಐದು ಅಂಶ ಇತ್ತು, ಗೆಲುವಿನ ಅಂತರ 10 ಪಾಯಿಂಟಿಗೆ ಮಿತಿ ಇತ್ತು, 2020ರಲ್ಲಿ ಅದನ್ನ ಎರಡೇ ಅಂಶಕ್ಕೆ ಇಳಿಸಿದ್ರು: ಯಾರನ್ನ ಎಲ್ಲಿ ಸೋಲ್ಸಿದ್ರಿ ಅನ್ನೋದು ಒಂದು, ಎದುರಾಳಿ ಬಲಕ್ಕೆ ಸರಿಹೊಂದಿಸಿದ ಎಫಿಶಿಯೆನ್ಸಿ, ಅಂದ್ರೆ ಬಾಲ್ ಸಿಕ್ಕಾಗ ಸರಾಸರಿ ಎಷ್ಟು ಪಾಯಿಂಟ್ ಗಳಿಸಿದ್ರಿ, ಎಷ್ಟು ಬಿಟ್ಟುಕೊಟ್ರಿ ಅನ್ನೋದು, ಇನ್ನೊಂದು. ಈ ಎಫಿಶಿಯೆನ್ಸಿಲಿ ದೊಡ್ಡ ಅಂತರದಲ್ಲಿ ಹೊಡೆದಷ್ಟೂ ಲಾಭ. ಕ್ರಿಕೆಟ್ ನೋಡೋರಿಗೆ ನೆಟ್ ರನ್ ರೇಟ್ ಗೊತ್ತಲ್ಲ, ಗೆಲ್ಲೋದು ಗ್ಯಾರಂಟಿ ಆದ್ಮೇಲೂ ಬೇಗ ಮುಗಿಸೋಕೆ ಬಾರ್ಸ್ತಾರಲ್ಲ, ಆ ಥರ. 30 ಪಾಯಿಂಟ್ ಮುಂದೆ ಇದ್ರೂ ಕೊನೇ ನಿಮಿಷದವರೆಗೂ ಮೇನ್ ಆಟಗಾರರನ್ನ ಇಳ್ಸಲ್ಲ, ಬೆಂಚಲ್ಲಿ ಕೂತ ಹುಡುಗರಿಗೆ ಎರಡು ನಿಮಿಷ ಆಡೋ ಭಾಗ್ಯಾನೂ ಇಲ್ಲ. ಬಿಸಿಎಸ್ ಇದೇ ಭಯಕ್ಕೆ 2002ರಿಂದ ಕಂಪ್ಯೂಟರ್‌ಗಳಿಗೆ ಗೆಲುವಿನ ಅಂತರ ನೋಡ್ಬಾರ್ದು ಅಂತ ಹೇಳಿತ್ತು. ತಮಾಷೆ ಅಂದ್ರೆ ಮುಂದೇನಾಗುತ್ತೆ ಅಂತ ಹೇಳೋಕೆ ಅಂತರ ನೋಡೋ ಲೆಕ್ಕಾನೇ ಚೆನ್ನಾಗಿ ಕೆಲಸ ಮಾಡೋದು. ಬಿಸಿಎಸ್ ಕಂಪ್ಯೂಟರ್ ರೇಟಿಂಗ್‌ಗಳಲ್ಲಿ ಒಂದನ್ನ ಮಾಡ್ತಿದ್ದ ಸ್ಯಾಗರಿನ್ ಅದಕ್ಕೆ ಎರಡೆರಡು ಪಟ್ಟಿ ಇಟ್ಕೊಂಡಿದ್ರು, ಬಿಸಿಎಸ್‌ಗೆ ಅಂತರ ಇಲ್ಲದ್ದು ಒಂದು, ಅಂತರ ಇರೋದು ಇನ್ನೊಂದು.

ಇದಕ್ಕೂ ದೊಡ್ಡದು ಕಾನ್ಫರೆನ್ಸ್ ದ್ವೀಪದ ಸಮಸ್ಯೆ. ನವೆಂಬರ್, ಡಿಸೆಂಬರಲ್ಲಿ ಬೇರೆಯವರ ಜೊತೆ ಆಡ್ತಾರೆ, ಜನವರಿಯಿಂದ ಬರೀ ತಮ್ಮ ತಮ್ಮಲ್ಲೇ. ತಮ್ಮಲ್ಲೇ ಆಡಿದಾಗ ಒಬ್ಬ ಗೆದ್ರೆ ಇನ್ನೊಬ್ಬ ಸೋಲ್ತಾನೆ, ಇಡೀ ಕಾನ್ಫರೆನ್ಸ್‌ನ ಲೆಕ್ಕ ಯಾವಾಗ್ಲೂ ಅರ್ಧಕ್ಕರ್ಧ. ಅಂದ್ರೆ ಆ ಗುಂಪು ಎಷ್ಟು ಬಲ ಅನ್ನೋದು ಡಿಸೆಂಬರ್ ಕೊನೆಗೇ ಹೆಚ್ಚುಕಮ್ಮಿ ಫಿಕ್ಸ್. ಅಷ್ಟರೊಳಗೆ ಎಲ್ಲಾ ಸದಸ್ಯರೂ ವೀಕ್ ಟೀಮ್‌ಗಳನ್ನ ಕರೆದು 40 ಪಾಯಿಂಟಲ್ಲಿ ಹೊಡೆದ್ರು ಅನ್ಕೊಳ್ಳಿ, ಎಲ್ಲರ ನೆಟ್ಟೂ ಮೇಲೆ, ಆಮೇಲೆ ಒಬ್ಬರ ಮೇಲೊಬ್ಬರು ಗೆದ್ದಿದ್ದೆಲ್ಲಾ ಕ್ವಾಡ್ 1 ಗೆಲುವು, ಸೋತ್ರೂ ಅದು "ಒಳ್ಳೆ ಸೋಲು". ಕ್ವಾಡ್ 1 ಅಂದ್ರೆ ನೆಟ್ ಪಟ್ಟೀಲಿ ಮನೇಲಿ 30ರೊಳಗಿನವರು, ನ್ಯೂಟ್ರಲ್ ಜಾಗದಲ್ಲಿ 50ರೊಳಗೆ, ಹೊರಗಡೆ 75ರೊಳಗಿನವರ ಜೊತೆ ಆಡಿದ್ದು. ನೀವು ಮನೇಲಿ ಸೋಲ್ಸಿದ ಟೀಮು ಮಾರ್ಚಲ್ಲಿ 30ರಿಂದ 31ಕ್ಕೆ ಜಾರಿದ್ರೆ ನಿಮ್ಮ ಡಿಸೆಂಬರ್ ಗೆಲುವು ರಾತ್ರೋರಾತ್ರಿ ಕ್ವಾಡ್ 2. ನೀವು ಮಾಡಿದ್ದೇನೂ ಇಲ್ಲ. ಅದನ್ನ ಬರೆದು ತಿದ್ದೋ ಕೆಲಸ ನಂದಾಗಿದ್ದಿದ್ರೆ ನೌಕರಿ ಬಿಡ್ತಿದ್ದೆ.

ಹಳೆ_ಪೆವಿಲಿಯನ್

@ಸ್ಕೋರ್‌ಬುಕ್ ಬೇಸ್‌ಬಾಲಲ್ಲೂ ಇದೇ ಗೋಳು. ಫೆಬ್ರವರಿಲಿ ಸೀಸನ್ ಶುರು, ಉತ್ತರದ ರಾಜ್ಯಗಳಲ್ಲಿ ಮೈದಾನದ ಮೇಲೆ ಹಿಮ, ಅವರು ವಾರಗಟ್ಟಲೆ ದಕ್ಷಿಣಕ್ಕೆ ಹೋಗಿ ಅವರ ಮೈದಾನದಲ್ಲೇ ಆಡ್ಬೇಕು. 2013ರಲ್ಲಿ ಅಲ್ಲೂ ಹೊರಗಡೆ ಗೆಲುವಿಗೆ 1.3, ಮನೆ ಗೆಲುವಿಗೆ 0.7 ಮಾಡಿದ್ರು. ಹಿಮಕ್ಕೂ ದಶಮಾಂಶದಲ್ಲಿ ಪರಿಹಾರ.

ಮೂಲೆ_ಬೆಂಚು

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಬರುತ್ತೆ ಅನ್ಕೊಂಡಿರ್ಲಿಲ್ಲ. ವಾರಾಂತ್ಯ ಕೂತು ಒಂದು ಶೀಟ್ ಮಾಡಿದೆ. ಟೆಸ್ಟ್ ಮಾಡೋಕೆ ರೂಮ್‌ಮೇಟ್ 2008ರ ಕಥೆ ಕೊಟ್ಟ: ಟೆಕ್ಸಸ್ ಒಕ್ಲಹೋಮಾನ 45-35 ಸೋಲಿಸ್ತು, ಟೆಕ್ಸಸ್ ಟೆಕ್ ಟೆಕ್ಸಸ್‌ನ 39-33 ಸೋಲಿಸ್ತು, ಒಕ್ಲಹೋಮಾ ಟೆಕ್ಸಸ್ ಟೆಕ್‌ನ 65-21 ಹೊಡೀತು. ಮೂರೂ ಒಂದೇ ವಿಭಾಗ, ಮೂರಕ್ಕೂ ಒಂದೊಂದೇ ಸೋಲು. ಬರೀ ಈ ಮೂರು ಮ್ಯಾಚ್ ಕೋಲಿ ಲೆಕ್ಕಕ್ಕೆ ಹಾಕಿದೆ, ಮೂರಕ್ಕೂ 0.500, ಉತ್ತರಾನೇ ಇಲ್ಲ. ಅಂತರ ಸೇರಿಸಿದೆ, ಒಕ್ಲಹೋಮಾ +34, ಟೆಕ್ಸಸ್ +4, ಟೆಕ್ −38, ಥಟ್ ಅಂತ ಉತ್ತರ ಬಂತು. ಅವತ್ತು ನಿಜವಾಗ್ಲೂ ಬಿಸಿಎಸ್ ಸ್ಥಾನ ನೋಡಿ ಒಕ್ಲಹೋಮಾನ ಕಾನ್ಫರೆನ್ಸ್ ಫೈನಲ್‌ಗೆ ಕಳ್ಸಿದ್ರಂತೆ, ಅದು ನ್ಯಾಷನಲ್ ಫೈನಲ್‌ವರೆಗೂ ಹೋಗಿ ಫ್ಲೋರಿಡಾ ಹತ್ರ 24-14 ಸೋತಿದೆ. ಟೆಕ್ಸಸ್‌ನವರು ಇವತ್ತಿಗೂ 45-35, 45-35 ಅಂತ ಜಪ ಮಾಡ್ತಾರಂತೆ, ಟೆಕ್‌ನವರನ್ನ ಯಾರೂ ಕೇಳೋದೇ ಇಲ್ಲ.

ಈಗ 12 ಟೀಮಿನ ಪ್ಲೇಆಫ್ ಬಂದಿದೆಯಲ್ಲ, 2023ರ ಥರ ಆಗಲ್ಲ ಅನ್ಕೊಂಡೆ. 2024ರಲ್ಲಿ ಕಾನ್ಫರೆನ್ಸ್ ಗೆದ್ದ ನಾಲ್ಕು ಟೀಮಿಗೆ ಮೊದಲ ಸುತ್ತು ಬೈ (ಆಡದೇ ನೇರ ಎರಡನೇ ಸುತ್ತಿಗೆ) ಕೊಟ್ರು, ನಾಲ್ಕೂ ಮೊದಲ ಮ್ಯಾಚಲ್ಲೇ ಸೋತ್ವು, ಮುಂದಿನ ವರ್ಷಕ್ಕೆ ಆ ನಿಯಮಾನೂ ತೆಗೆದ್ರು. ಈಗ 12, 13ನೇಯವರು ಜಗಳ ಆಡ್ತಾರೆ, 5ನೇಯವರ ಬದಲು. ಆದ್ರೆ 13ನೇಯವರ ಜಗಳ ನೋಡಿದ್ರೆ ನನಗೆ ಹೊಟ್ಟೆ ಉರಿಯಲ್ಲ, ಎರಡು ಮೂರು ಸೋತಿರ್ತಾರೆ.

ಒಂದೇ ಡೌಟು, ಅಂತರಕ್ಕೆ ಮಿತಿ ಹಾಕೋದಾದ್ರೆ ಎಷ್ಟಕ್ಕೆ ಹಾಕ್ಲಿ? 10ಕ್ಕೆ ಹಾಕಿದ್ರೆ ಒಕ್ಲಹೋಮಾ 0, ಟೆಕ್ಸಸ್ +4, ಟೆಕ್ −4 ಆಗುತ್ತೆ, ಟೆಕ್ಸಸ್ ಮೇಲೆ ಬರುತ್ತೆ. 14ಕ್ಕೆ ಹಾಕಿದ್ರೆ ಒಕ್ಲಹೋಮಾ, ಟೆಕ್ಸಸ್ ಎರಡೂ +4. 15ಕ್ಕೆ ಹಾಕಿದ್ರೆ ಒಕ್ಲಹೋಮಾ ಮೇಲೆ.

ದಶಮಾಂಶ

ಹಹ್ಹಾ, ಚಾಂಪಿಯನ್ ಯಾರು ಅಂತ ನೀವೇ ಒಂದು ಪಾಯಿಂಟಲ್ಲಿ ತೀರ್ಮಾನ ಮಾಡಿದ್ರಿ ನೋಡಿ. ಕಮಿಟಿಗೆ ಸ್ವಾಗತ. ಬರೀ ಈ ಮೂರು ಮ್ಯಾಚ್ ಇಟ್ಕೊಂಡು ಮಿತಿ ಆರಿಸ್ಬೇಡಿ, ಹತ್ತು ಸೀಸನ್ ಡೇಟಾ ಹಾಕಿ, ಯಾವ ಮಿತೀಲಿ ಮುಂದಿನ ಮ್ಯಾಚ್ ಸರಿಯಾಗಿ ಊಹೆ ಆಗುತ್ತೋ ಅದನ್ನ ಇಡಿ, ಆಮೇಲೆ 2008ನ್ನ ತೆಗೆದು ನೋಡಿ. ಯಾರು ಬಂದ್ರೂ ಮಿತಿ ಮುಟ್ಬಾರ್ದು.

ಗಟ್ಟಿ_ದನಿ

ಹತ್ತ ಸೀಸನ್ ಹಾಕಿ ಊಹೆ ನೋಡಿ ಆರಿಸಿದ್ರ ಅದು ನನ್ನ ಎರಡನೇ ಪ್ರಶ್ನೆ ಆತು ರೀ, ನಾಳೆ ಯಾರ ಗೆಲ್ತಾರ ಅನ್ನೂದು. ಯಾರ ಗಳಿಸ್ಯಾರ ಅನ್ನೂದಕ್ಕ ಬ್ಯಾರೆ ಶೀಟ ಬೇಕ.

ಮೂಲೆ_ಬೆಂಚು

ಎರಡು ಕಾಲಂ ಮಾಡಿದೀನಿ ಸರ್. ಒಂದರಲ್ಲಿ ಅಂತರ ಇಲ್ಲ, ಇನ್ನೊಂದರಲ್ಲಿ ಇದೆ, ಮಿತಿ ಇನ್ನೂ ಖಾಲಿ ಬಿಟ್ಟಿದೀನಿ. ರೂಮ್‌ಮೇಟ್‌ಗೆ ತೋರಿಸ್ದೆ, ಅವನು ಮೊದಲು ತನ್ನ ಟೀಮ್ ಎಲ್ಲಿದೆ ಅಂತ ಎರಡೂ ಕಾಲಮ್ಮಲ್ಲಿ ಹುಡುಕಿ, ಎರಡನೇದು ಸರಿಯಾಗಿದೆ, ಮೊದಲನೇದರಲ್ಲಿ ಏನೋ ಬಗ್ ಇದೆ ನೋಡು ಅಂದ.